ಈಜು ಕಲಿಸಿದ ಒಬ್ಬ ಗುರುವೂ ನಮ್ಮ ಹೆಣ್ಣುಮಕ್ಕಳೂ

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಗುರುಗಳನ್ನು ನೆನೆಯುವುದು ವಾಡಿಕೆಯಾಗಿದೆ. ಈ ಸಾರಿ ನಾವು ನಮ್ಮ ಶಾಲೆಯನ್ನು ಎಂದೂ ಕಾಣದ ಒಬ್ಬ ಗುರುವಿನ ವಿಷಯವಾಗಿ ಬರೆಯಲಿಚ್ಛಿಸುತ್ತೇವೆ. ಇದಕ್ಕೆ ಕಾರಣವುಂಟು, ಅದನ್ನು ಕಡೆಯಲ್ಲಿ ಅರಿಕೆ ಮಾಡುವೆವು.

ಲೂಯಿ ಡಿ ಬ್ರೆಡಾ ಹ್ಯಾಂಡ್ಲಿ ಎಂಬವರು 1874ರಲ್ಲಿ ರೋಮ್ ಪಟ್ಟಣದಲ್ಲಿ ಹುಟ್ಟಿ, 1896ರಲ್ಲಿ ಅಮೆರಿಕಕ್ಕೆ ಬಂದು ನ್ಯೂಯಾರ್ಕಿನಲ್ಲಿ ನೆಲೆಸಿದರು. ವಾಟರ್ ಪೋಲೊ ಎಂಬ ನೀರಿನ ಚೆಂಡಾಟದಲ್ಲಿ ಅವರು ಬಹು ನಿಪುಣರು. 1904ರ ಸೇಂಟ್ ಲೂಯಿ ಒಲಿಂಪಿಕ್ ಪಂದ್ಯಗಳಲ್ಲಿ ಈ ಆಟದಲ್ಲಿಯೂ ನಾಲ್ವರು ಕೂಡಿ ಈಜುವ ಪಂದ್ಯದಲ್ಲಿಯೂ ಜಯಿಸಿದ ತಂಡಗಳಲ್ಲಿ ಅವರಿದ್ದರು. ಇಷ್ಟರಲ್ಲಿಯೇ ಅವರ ಕಥೆ ಮುಗಿದಿದ್ದರೆ ನಾವು ಅವರನ್ನು ಇಲ್ಲಿ ನೆನೆಯಬೇಕಾಗಿದ್ದಿಲ್ಲ. ಪದಕ ಗೆದ್ದವರು ಲೋಕದಲ್ಲಿ ಅನೇಕರಿದ್ದಾರೆ.

1912ರ ಒಲಿಂಪಿಕ್ ಪಂದ್ಯಗಳಲ್ಲಿ ಸ್ತ್ರೀಯರಿಗೆ ಮೊದಲ ಬಾರಿ ಈಜಿನಲ್ಲಿ ಎಡೆ ದೊರೆಯಿತು. ಆದರೆ ಅಮೆರಿಕ ದೇಶವು ತನ್ನ ಹೆಣ್ಣುಮಕ್ಕಳನ್ನು ಅಲ್ಲಿಗೆ ಕಳುಹಿಸಲಿಲ್ಲ. ಸಾರ್ವಜನಿಕವಾಗಿ ನೀರಿಗಿಳಿಯುವುದು ಹೆಂಗಸರ ಮರ್ಯಾದೆಗೆ ಕುಂದೆಂದು ಆ ನಾಡಿನ ದೊಡ್ಡವರೂ ಎಣಿಸುತ್ತಿದ್ದ ಕಾಲವದು. 1917ರಲ್ಲಿ ನ್ಯಾಯಾಲಯದಲ್ಲಿ ಶೀಘ್ರಲಿಪಿ ಬರೆಯುವ ಕೆಲಸದಲ್ಲಿದ್ದ ಶಾರ್ಲಟ್ ಎಪ್‌ಸ್ಟೈನ್ ಎಂಬ ಮಹಿಳೆಯು ನ್ಯೂಯಾರ್ಕಿನಲ್ಲಿ ಸ್ತ್ರೀಯರ ಈಜು ಸಂಘವನ್ನು ಸ್ಥಾಪಿಸಿದರು. ಆ ಸಂಘದ ಹುಡುಗಿಯರಿಗೆ ಕಲಿಸಲು ಹ್ಯಾಂಡ್ಲಿಯವರು ಮುಂದೆ ಬಂದರು. ಅದಕ್ಕಾಗಿ ಅವರು ವೇತನವನ್ನು ತೆಗೆದುಕೊಳ್ಳಲಿಲ್ಲ.

ಅವರ ಬೋಧನಾಕ್ರಮವನ್ನು ಉಪಾಧ್ಯಾಯಿನಿಯರಾದ ನಾವು ಗಮನಿಸತಕ್ಕದ್ದು. ಕ್ರಾಲ್ ಎಂಬ ಈಜಿನ ಬಗೆಯು ಆಗ ಇನ್ನೂ ಹೊಸದು. ಸ್ವಲ್ಪ ದೂರದ ಪಂದ್ಯಕ್ಕೆ ಮಾತ್ರ ತಕ್ಕದ್ದೆಂದು ಹಲವರ ಮತ. ಹ್ಯಾಂಡ್ಲಿಯವರು ಅದನ್ನು ಬಿಡಿಬಿಡಿಯಾಗಿ ಪರೀಕ್ಷಿಸಿದರು. ಕಾಲನ್ನು ಮೊಣಕಾಲಿನಿಂದಲ್ಲ, ಸೊಂಟದಿಂದ ಆಡಿಸಬೇಕು. ಎರಡು ಕೈಗಳೂ ಒಂದೊಂದು ಸುತ್ತು ತಿರುಗುವಷ್ಟರಲ್ಲಿ ಕಾಲುಗಳು ಆರು ಸಾರಿ ಬಡಿಯಬೇಕು. ಮುಖವು ನೀರಿನಲ್ಲಿದ್ದು, ಉಸಿರಿಗಾಗಿ ಪಕ್ಕಕ್ಕೆ ಹೊರಳಬೇಕು. ಹೀಗೆ ಕಲಿತ ಹುಡುಗಿಯರು ದೂರವನ್ನೂ ಆಯಾಸವಿಲ್ಲದೆ ಈಜಬಲ್ಲವರಾದರು.

ಫಲವು ಬೇಗನೆ ಕಂಡುಬಂತು. 1920ರ ಆಂಟ್‌ವರ್ಪ್ ಒಲಿಂಪಿಕ್ ಪಂದ್ಯಗಳಲ್ಲಿ ಈ ಸಂಘದ ಎಥೆಲ್ಡಾ ಬ್ಲೈಬ್ಟ್ರಿ ಸ್ತ್ರೀಯರಿಗಿದ್ದ ಮೂರು ಈಜು ಪಂದ್ಯಗಳಲ್ಲಿಯೂ ಚಿನ್ನದ ಪದಕ ಪಡೆದಳು. ಆಕೆ ಪೋಲಿಯೊ ರೋಗದಿಂದ ಚೇತರಿಸಿಕೊಳ್ಳುವುದಕ್ಕೆಂದೇ ಈಜಲಾರಂಭಿಸಿದವಳು. ಹದಿನಾಲ್ಕು ವರ್ಷದ ಏಲೀನ್ ರಿಗಿನ್ ನೀರಿಗೆ ಹಾರುವ ಪಂದ್ಯದಲ್ಲಿ ಮೊದಲಿಗಳಾದಳು. ಅದೇ ಸಂಘದಲ್ಲಿ ಬೆಳೆದ ಗರ್ಟ್ರೂಡ್ ಎಡರ್ಲೆ 1925ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಲು ಹೋಗಿ ವಿಫಲಳಾದರೂ, 1926ರ ಆಗಸ್ಟ್ 6ರಂದು ಸುಮಾರು ಹದಿನಾಲ್ಕೂವರೆ ಗಂಟೆಗಳಲ್ಲಿ ಅದನ್ನು ಈಜಿ ದಾಟಿದ ಪ್ರಥಮ ಸ್ತ್ರೀಯಾದಳು. ಅದುವರೆಗೆ ದಾಟಿದ್ದ ಪುರುಷರೆಲ್ಲರಿಗಿಂತ ಆಕೆಗೆ ಹಿಡಿದ ಕಾಲವು ಕಡಿಮೆ. ಆ ದಿನ ದೋಣಿಯಲ್ಲಿದ್ದ ಶಿಕ್ಷಕರು ಬೇರೊಬ್ಬರು. ಆದರೆ ತೋಳಿಗೆ ಬಂದ ವಿದ್ಯೆಯು ಹಳೆಯ ಕೊಳದಲ್ಲಿ ಕಲಿತದ್ದೇ. ಕಿವಿ ಮಂದವಾಗಿದ್ದ ಈ ಎಡರ್ಲೆಯೇ ಮುಂದೆ ಕಿವುಡ ಮಕ್ಕಳಿಗೆ ಈಜು ಕಲಿಸಿದಳು. ಗುರುವಿನ ಕೀರ್ತಿಗೆ ಇದಕ್ಕಿಂತ ಹೆಚ್ಚಿನ ಸಾಕ್ಷಿಯು ಬೇಕೆಂದು ನಮಗೆ ತೋರುವುದಿಲ್ಲ.

ಹ್ಯಾಂಡ್ಲಿಯವರು 1956ರಲ್ಲಿ ತೀರಿಕೊಂಡರು. ಅವರು ಗೆದ್ದ ವಾಟರ್ ಪೋಲೊ ಪಂದ್ಯವನ್ನು ಒಲಿಂಪಿಕ್ಕಿನಲ್ಲಿ ಪುರುಷರು 1900ರಿಂದ ಆಡುತ್ತ ಬಂದರೂ ಸ್ತ್ರೀಯರಿಗೆ ಅದು ದೊರೆತದ್ದು 2000ದ ಸಿಡ್ನಿಯಲ್ಲಿ. ನಡುವೆ ನೂರು ವರ್ಷಗಳು ಸಂದವು! ನಮ್ಮ ದೇಶದ ಆರತಿ ಸಾಹಾ 1959ರಲ್ಲಿ ಅದೇ ಕಡಲ್ಗಾಲುವೆಯನ್ನು ದಾಟಿ ಏಷ್ಯಾ ಖಂಡದ ಪ್ರಥಮ ಮಹಿಳೆಯೆನಿಸಿದರು. ಬೆಂಗಳೂರಿನ ನಿಶಾ ಮಿಲ್ಲೆಟ್ ಸಿಡ್ನಿಯಲ್ಲಿ ಭಾರತದ ಪರವಾಗಿ ಈಜಿದರು. ಆದಕಾರಣ ನಮ್ಮ ಹೆಣ್ಣುಮಕ್ಕಳಿಗೆ ಇದು ಸಲ್ಲದ ವಿದ್ಯೆಯೆಂದು ಯಾರೂ ಹೇಳಲಾರರು.

ಈಗ ನಮ್ಮ ಅರಿಕೆ. ನಮ್ಮ ಹಳ್ಳಿಗಳಲ್ಲಿ ಹುಡುಗನ ನಡುವಿಗೆ ಸೋರೆಬುರುಡೆ ಕಟ್ಟಿ ಬಾವಿಗಿಳಿಸುತ್ತಾರೆ. ಹುಡುಗಿಯ ನಡುವಿಗೆ ಕೊಡವನ್ನಿಡುತ್ತಾರೆ. ನೀರಿನ ಬಳಿಗೆ ದಿನವೂ ಹೋಗುವವಳು ಯಾರು, ಈಜಬಲ್ಲವನು ಯಾರು, ಎಂಬುದನ್ನು ಯೋಚಿಸಿರಿ. ಕೆಲವು ವರ್ಷಗಳ ಹಿಂದೆ ಬೇಸಗೆಯ ರಜೆಯಲ್ಲಿ ನಮ್ಮ ಒಬ್ಬ ವಿದ್ಯಾರ್ಥಿನಿಯು ಊರ ಕೆರೆಯ ಸೋಪಾನದಲ್ಲಿ ಜಾರಿ ಬಿದ್ದಳು. ಜೊತೆಯಲ್ಲಿದ್ದ ಗೆಳತಿಯರು ಕೂಗಿದರು. ಕೂಗುವುದರ ಹೊರತು ಬೇರೇನನ್ನೂ ನಾವು ಅವರಿಗೆ ಕಲಿಸಿರಲಿಲ್ಲ. ವ್ಯಾಕರಣ, ಗಣಿತ, ಹೊಲಿಗೆ ಎಲ್ಲವನ್ನೂ ಕಲಿಸಿದ್ದೆವು. ಜೂನ್ ತಿಂಗಳಲ್ಲಿ ಹಾಜರಿ ಪುಸ್ತಕವನ್ನು ತೆರೆದಾಗ ಆ ಹೆಸರಿನ ಬಳಿ ನಮ್ಮ ಲೇಖನಿಯು ನಿಂತಿತು. ಆ ತಪ್ಪನ್ನು ನಾವು ಮತ್ತೊಬ್ಬರ ಮೇಲೆ ಹೊರಿಸಲಾರೆವು.

ಕಳೆದ ವರ್ಷ ಈಜಿನ ತರಗತಿಗಾಗಿ ಪೋಷಕರ ಒಪ್ಪಿಗೆಯನ್ನು ಕೇಳಿದೆವು. ಸಹಿಯಾಗಿ ಬಂದ ಪತ್ರಗಳು ಕೆಲವೇ. ಮೈಬಣ್ಣ ಕಪ್ಪಾದೀತು, ಉಡುಪು ನಮಗೊಪ್ಪದು, ಕಲಿಸುವವರು ಗಂಡಸರು ಎಂಬಿವೇ ಆಕ್ಷೇಪಣೆಗಳು. ಬಣ್ಣದ ಮಾತಿಗೆ ನಾವು ಉತ್ತರ ಕೊಡೆವು, ಜೀವವಿದ್ದರಲ್ಲವೇ ಬಣ್ಣ? ಉಡುಪಿನ ಮಾತು ನ್ಯಾಯವಾದದ್ದು. ತೋಳೂ ಕಾಲೂ ಮುಚ್ಚುವ ಈಜುಡುಪುಗಳು ಈಗ ದೊರೆಯುತ್ತವೆ, ಅವನ್ನೇ ಆರಿಸುವೆವು. ಮೂರನೆಯ ಆಕ್ಷೇಪಣೆಯನ್ನು ಪರಿಹರಿಸುವ ಶಕ್ತಿಯು ನಮಗಿಲ್ಲ. ಅದು ಹಳೆಯ ವಿದ್ಯಾರ್ಥಿನಿಯರಾದ ನಿಮ್ಮ ಕೈಯಲ್ಲಿದೆ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಈಜಬಲ್ಲವರು ಇದ್ದೀರಿ. ನದೀತೀರದಲ್ಲಿ ಬೆಳೆದವರೂ, ಕಾಲೇಜಿನಲ್ಲಿ ಕಲಿತವರೂ ಇದ್ದೀರಿ. ವಾರಕ್ಕೊಂದು ಬೆಳಿಗ್ಗೆಯನ್ನು ನಿಮ್ಮ ತಂಗಿಯರಿಗಾಗಿ ಕೊಡಬಲ್ಲಿರಾ? ಹ್ಯಾಂಡ್ಲಿಯವರಿಗೆ ಕೊಟ್ಟದ್ದಕ್ಕಿಂತ ಹೆಚ್ಚಿನ ಸಂಬಳವನ್ನು ನಾವು ಕೊಡಲಾರೆವು. ತಾಯ್ತಂದೆಗಳೇ, ಜೂನ್ ತಿಂಗಳಲ್ಲಿ ಒಪ್ಪಿಗೆಯ ಪತ್ರವು ಮತ್ತೆ ನಿಮ್ಮ ಮನೆಗೆ ಬರುವುದು. ಸಹಿ ಹಾಕಿ ಕಳುಹಿಸಬೇಕೆಂದು ಬೇಡುತ್ತೇವೆ. ಪದಕಗಳು ನಮಗೆ ಬೇಕಾಗಿಲ್ಲ. ರಜೆ ಮುಗಿದ ಮೇಲೆ ಹಾಜರಿ ಕೂಗಿದಾಗ ಎಲ್ಲ ಹೆಸರಿಗೂ ಉತ್ತರ ಬಂದರೆ ಸಾಕು.