ಕೋಡ್ ಯಂತ್ರ ಬರೆಯುತ್ತದೆ, ಓದುವವರು ಎಲ್ಲಿಂದ ಬರಬೇಕು?

ಎಐ ಬಂದ ಮೇಲೆ ನಿಮಗೆಲ್ಲ ಕೆಲಸ ಇರುತ್ತದೆಯೇ? ಊರಿಗೆ ಹೋದಾಗಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಮಗನನ್ನೋ ಮಗಳನ್ನೋ ಕಂಪ್ಯೂಟರ್ ಸೈನ್ಸ್‌ಗೆ ಸೇರಿಸಿ ಶಿಕ್ಷಣ ಸಾಲ ಮಾಡಿದವರು. ಹತ್ತು ಹನ್ನೆರಡು ವರ್ಷ ಅನುಭವ ಇರುವ ನನ್ನಂಥವರಿಗೆ ಸದ್ಯಕ್ಕೆ ಕೆಲಸ ಇದೆ. ಅವರ ಮಕ್ಕಳ ವಿಷಯದಲ್ಲಿ ಅಷ್ಟೇ ಸಲೀಸಾಗಿ ಹೌದು ಎನ್ನಲು ಬಾಯಿ ಬರುವುದಿಲ್ಲ.

2021ರಲ್ಲಿ ಗಿಟ್‌ಹಬ್ ಕೋಪೈಲಟ್ ಬಂದಾಗ ಅದು ನಾವು ಬರೆಯುತ್ತಿದ್ದ ಸಾಲನ್ನು ಪೂರ್ತಿ ಮಾಡಿಕೊಡುತ್ತಿತ್ತು, ಅಷ್ಟೇ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. ಈಗಿನ 'ಏಜೆಂಟ್'ಗಳಿಗೆ ಏನು ಬೇಕೆಂದು ನಾಲ್ಕು ವಾಕ್ಯದಲ್ಲಿ ಹೇಳಿದರೆ ಸಾಕು. ತಾವೇ ಫೈಲು ಹುಡುಕಿ, ತಿದ್ದಿ, ಟೆಸ್ಟ್ ಓಡಿಸಿ, ತಪ್ಪು ಬಂದರೆ ಮತ್ತೆ ತಿದ್ದಿ ಮುಂದಿಡುತ್ತವೆ. ತನ್ನ ಹೊಸ ಕೋಡ್‌ನಲ್ಲಿ ಕಾಲು ಭಾಗಕ್ಕಿಂತ ಹೆಚ್ಚನ್ನು ಎಐ ಬರೆಯುತ್ತದೆ, ಎಂಜಿನಿಯರ್‌ಗಳು ಪರಿಶೀಲಿಸಿ ಒಪ್ಪುತ್ತಾರೆ ಎಂದು ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ 2024ರ ಅಕ್ಟೋಬರ್‌ನಲ್ಲೇ ಹೇಳಿದ್ದರು. ಹೈದರಾಬಾದಿನಲ್ಲಿ ನಾನು ಕೆಲಸ ಮಾಡುವ ತಂಡದಲ್ಲೂ ಈಗ ಬರೆಯುವುದಕ್ಕಿಂತ ಓದುವುದೇ ಹೆಚ್ಚು.

ಇಂಥ ಭಯ ಹಿಂದೆಯೂ ಇತ್ತು, 1957ರಲ್ಲಿ ಫೋರ್ಟ್ರಾನ್ ಬಂದ ಮೇಲೆ ಪ್ರೋಗ್ರಾಮರ್‌ಗಳು ಕಡಿಮೆಯಾಗಲಿಲ್ಲ, ಹೆಚ್ಚಾದರು ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಮಾತು ನಿಜ. ಆದರೆ ಕಂಪೈಲರ್ ಕೊಟ್ಟದ್ದನ್ನು ಯಾರೂ ದಿನಾ ಕೂತು ಪರಿಶೀಲಿಸುವುದಿಲ್ಲ. ಒಂದೇ ಪ್ರೋಗ್ರಾಂ ಕೊಟ್ಟರೆ ಅದು ಪ್ರತಿ ಸಲವೂ ಅದನ್ನೇ ಮಾಡುತ್ತದೆ ಎಂಬ ಭರವಸೆ ಇದೆ. ಎಐ ಹಾಗಲ್ಲ. ಇವತ್ತು ಸರಿಯಾಗಿ ಬರೆದದ್ದನ್ನು ನಾಳೆ ಅಷ್ಟೇ ಆತ್ಮವಿಶ್ವಾಸದಿಂದ ತಪ್ಪು ಬರೆಯಬಹುದು. ಹಾಗಾಗಿ ಪ್ರತಿ ಸಲವೂ ಒಬ್ಬರು ಓದಲೇಬೇಕು, ಓದಿದರೆ ತಪ್ಪು ಕಾಣುವ ಕಣ್ಣೂ ಇರಬೇಕು.

ಒಂದು ಉದಾಹರಣೆ. ಬಿಲ್ಲಿಂಗ್ ಸಾಫ್ಟ್‌ವೇರ್ ಒಂದಕ್ಕೆ ತೆರಿಗೆ ಲೆಕ್ಕದ ಭಾಗವನ್ನು ಎಐ ಬರೆಯಿತು. ಚೊಕ್ಕ ಕೋಡ್. ಅದಕ್ಕೆ ಟೆಸ್ಟ್‌ಗಳನ್ನೂ ಅದೇ ಬರೆಯಿತು, ಎಲ್ಲವೂ ಹಸಿರು. ಆದರೆ ಪ್ರತಿ ವಸ್ತುವಿನ ತೆರಿಗೆಯನ್ನು ಬೇರೆ ಬೇರೆಯಾಗಿ ಪೂರ್ಣಾಂಕ ಮಾಡಿ ಕೂಡಿಸಿತ್ತು. ಗ್ರಾಹಕರಿಗೆ ಬೇಕಾಗಿದ್ದದ್ದು ಮೊದಲು ಕೂಡಿಸಿ, ಕೊನೆಯಲ್ಲಿ ಒಂದೇ ಸಲ ಪೂರ್ಣಾಂಕ ಮಾಡುವುದು. ನಾಲ್ಕು ಸಾಲಿನ ಬಿಲ್ಲಿನಲ್ಲಿ ಏನೂ ಗೊತ್ತಾಗುವುದಿಲ್ಲ. ನಾನೂರು ಸಾಲಿನ ಬಿಲ್ಲಿನಲ್ಲಿ ಲೆಕ್ಕ ತಾಳೆಯಾಗುವುದಿಲ್ಲ. ಟೆಸ್ಟ್‌ಗಳು ಇದನ್ನು ಯಾಕೆ ಹಿಡಿಯಲಿಲ್ಲ? ಕೋಡ್ ಬರೆದ ತಪ್ಪು ತಿಳಿವಳಿಕೆಯೇ ಟೆಸ್ಟ್‌ಗಳನ್ನೂ ಬರೆದಿತ್ತು. ಉತ್ತರ ಪತ್ರಿಕೆ ಬರೆದವನೇ ಮೌಲ್ಯಮಾಪನಕ್ಕೂ ಕೂತ ಹಾಗೆ. ಹಿಡಿದದ್ದು ನನ್ನ ಹಿರಿಯ ಸಹೋದ್ಯೋಗಿಯೊಬ್ಬರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಎರಡು ರೂಪಾಯಿ ವ್ಯತ್ಯಾಸ ಹುಡುಕುತ್ತಾ ಮೂರು ದಿನ ಒದ್ದಾಡಿದ್ದರಂತೆ. ಆ ಮೂರು ದಿನದ ಒದ್ದಾಟ ಈಗ ಕಂಪನಿಗೆ ದುಡಿಯುತ್ತಿದೆ.

ನನ್ನ ಆತಂಕ ಇರುವುದು ಇಲ್ಲೇ. ಹೊಸಬರಿಗೆ ನಾವು ಕೊಡುತ್ತಿದ್ದ ಕೆಲಸಗಳು ಯಾವುವು? ಚಿಕ್ಕ ಬಗ್ ಸರಿಮಾಡುವುದು, ಟೆಸ್ಟ್ ಬರೆಯುವುದು, ಹಳೆಯ ರಿಪೋರ್ಟಿಗೆ ಹೊಸ ಕಾಲಂ ಸೇರಿಸುವುದು. ಎಐ ಎಲ್ಲಕ್ಕಿಂತ ಮೊದಲು ನುಂಗಿದ್ದು ಇವನ್ನೇ. ಅವು ಬೇಸರದ ಕೆಲಸಗಳು, ಹೌದು, ಆದರೆ ಕೋಡ್ ಓದುವ ಕಣ್ಣು ಬರುತ್ತಿದ್ದದ್ದು ಅವುಗಳಿಂದ. ಇವತ್ತಿನ ಫ್ರೆಷರ್ ಅವನ್ನು ಮಾಡದಿದ್ದರೆ ಹತ್ತು ವರ್ಷದ ನಂತರದ ಸೀನಿಯರ್ ಎಲ್ಲಿಂದ ಬರಬೇಕು? ಈ ಲೆಕ್ಕ ಯಾವ ತ್ರೈಮಾಸಿಕ ವರದಿಯಲ್ಲೂ ಕಾಣುವುದಿಲ್ಲ.

ಉಳಿತಾಯದ ಲೆಕ್ಕವಾದರೂ ಗಟ್ಟಿಯೇ? ಎಂಇಟಿಆರ್ ಎಂಬ ಸಂಶೋಧನಾ ಸಂಸ್ಥೆ 2025ರಲ್ಲಿ 16 ಮಂದಿ ಅನುಭವಿ ಡೆವಲಪರ್‌ಗಳಿಗೆ ಅವರಿಗೆ ಚೆನ್ನಾಗಿ ಗೊತ್ತಿರುವ ಯೋಜನೆಗಳಲ್ಲೇ 246 ಕೆಲಸ ಕೊಟ್ಟು ನೋಡಿತು. ಎಐ ಬಳಸಿದಾಗ ಶೇ 19ರಷ್ಟು ಹೆಚ್ಚು ಸಮಯ ಹಿಡಿಯಿತು. ತಮಾಷೆಯೆಂದರೆ, ಮುಗಿಸಿದ ಮೇಲೂ ಅವರು ಶೇ 20ರಷ್ಟು ಬೇಗ ಮುಗಿಸಿದೆವು ಎಂದೇ ನಂಬಿದ್ದರು. ಆಮೇಲೆ ಸಾಧನಗಳು ಸುಧಾರಿಸಿವೆ, ಈ ಅಂಕಿಯನ್ನೇ ಹಿಡಿದು ಕೂರುವುದು ಸರಿಯಲ್ಲ. ಆದರೆ ವೇಗ ಹೆಚ್ಚಿದೆ ಎಂಬ ಅನಿಸಿಕೆಯ ಮೇಲೆಯೇ ಹೊಸಬರ ನೇಮಕಾತಿ ಕಡಿತ ಮಾಡುವವರು ಇದನ್ನೊಮ್ಮೆ ಓದಬೇಕು.

ಹೈದರಾಬಾದಿನ ಅಮೀರ್‌ಪೇಟೆಗೆ ಬೀದರ್, ಕಲಬುರಗಿ, ರಾಯಚೂರು ಕಡೆಯ ಹುಡುಗ ಹುಡುಗಿಯರು ಎಂಜಿನಿಯರಿಂಗ್ ಮುಗಿಸಿ ಬರುತ್ತಾರೆ. ಮೈತ್ರಿವನದ ಸುತ್ತಮುತ್ತ ಗೋಡೆಯ ತುಂಬಾ ಕೋಚಿಂಗ್ ಸೆಂಟರುಗಳ ಬೋರ್ಡು. ಮೊದಲು ಜಾವಾ, ಟೆಸ್ಟಿಂಗ್ ಟೂಲ್ಸ್ ಎಂದಿದ್ದ ಕಡೆ ಈಗ ಜೆನ್ ಎಐ ಎಂದು ಬರೆಸಿದ್ದಾರೆ. ಪಿಜಿಯಲ್ಲಿ ನಾಲ್ವರು ಒಂದು ಕೋಣೆ ಹಂಚಿಕೊಂಡು, ಮನೆಯಿಂದ ಬಂದ ದುಡ್ಡಿನಲ್ಲಿ ಕೋರ್ಸ್ ಮಾಡುವ ಈ ಮಕ್ಕಳಿಗೆ ದೊಡ್ಡ ಕಾಲೇಜಿನ ಹೆಸರಿಲ್ಲ, ಶಿಫಾರಸು ಮಾಡುವ ಸೀನಿಯರ್‌ಗಳಿಲ್ಲ. ಸಣ್ಣ ಕಂಪನಿಯ ಸಣ್ಣ ಕೆಲಸವೇ ಅವರ ಬಾಗಿಲಾಗಿತ್ತು. ಪ್ರಾಂಪ್ಟ್ ಬರೆಯುವುದನ್ನು ಎರಡು ತಿಂಗಳಲ್ಲಿ ಕಲಿಸಿದರೆ ಆ ಬಾಗಿಲು ತೆರೆಯುತ್ತದೆ ಎನ್ನುವುದು ಬೋರ್ಡಿನ ಮಾತು.

ನಮ್ಮ ಕಾಲೇಜುಗಳೂ ಬದಲಾಗಬೇಕು. ಲ್ಯಾಬ್ ಪರೀಕ್ಷೆಯಲ್ಲಿ ಚೀಟಿ ಎತ್ತಿ, ಬಂದ ಪ್ರೋಗ್ರಾಂ ಅನ್ನು ಬಾಯಿಪಾಠದಿಂದ ಬರೆದು ಅಂಕ ಪಡೆಯುವ ಪದ್ಧತಿಯಲ್ಲೇ ನಾನೂ ಓದಿದ್ದು. ಇನ್ನು ಅದಕ್ಕೆ ಅರ್ಥವಿಲ್ಲ. ತಪ್ಪಿರುವ ಇನ್ನೂರು ಸಾಲಿನ ಕೋಡ್ ಕೊಟ್ಟು, ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ ಎಂದು ಕೇಳಲಿ. ಮೊದಲ ವರ್ಷ ಎಐ ಮುಟ್ಟದೆ ಕೈಯಿಂದಲೇ ಬರೆಸಲಿ. ಕ್ಯಾಲ್ಕುಲೇಟರ್ ಕೊಡುವ ಮೊದಲು ನಾವು ಮಗ್ಗಿ ಕಲಿಸುವುದಿಲ್ಲವೇ? ಕಂಪನಿಗಳು ಹೊಸಬರನ್ನು ರಿವ್ಯೂಗೆ ಕೂರಿಸಬೇಕು. ಒಂದೆರಡು ವರ್ಷ ಅದು ನಷ್ಟದ ಬಾಬ್ತಾಗಿಯೇ ಕಾಣುತ್ತದೆ, ಕಾಣಲಿ.

ನಮ್ಮ ತಂಡದ ಸಂದರ್ಶನದಲ್ಲಿ ಈಗ ಕೋಡ್ ಬರೆಸುವುದನ್ನು ಬಿಟ್ಟಿದ್ದೇವೆ. ಎಐ ಬರೆದ ಒಂದು ಪುಟ ಕೊಟ್ಟು ಓದಿಸುತ್ತೇವೆ. ಮೊನ್ನೆ ಯಾದಗಿರಿ ಕಡೆಯ ಹುಡುಗಿಯೊಬ್ಬಳು ಹತ್ತು ನಿಮಿಷ ಸುಮ್ಮನೆ ನೋಡಿ, 'ಸರ್, ಮಾಲು ವಾಪಸ್ ಬಂದರೆ ಈ ತೆರಿಗೆ ಎಲ್ಲಿ ಕಳೆಯುತ್ತೆ? ಇದರಲ್ಲಿ ಇಲ್ಲವಲ್ಲ' ಎಂದಳು. ಅಪ್ಪನದು ಕಿರಾಣಿ ಅಂಗಡಿಯಂತೆ. ಮುಂದಿನ ತಿಂಗಳು ಕೆಲಸಕ್ಕೆ ಸೇರುತ್ತಾಳೆ.