ಗಾಜಿನ ಬೆಲೆ ಮತ್ತು ಬಾಲಕನ ಹೆಸರು

ಪ್ರತಿಭಟನೆಯ ದಿನ ಸರಕಾರಿ ಬಸ್ಸಿನ ಗಾಜು ಒಡೆದ ಆರೋಪ ಹೊತ್ತ ಹದಿನಾರರ ಬಾಲಕ ವಿಚಾರಣೆಗೆ ಮೊದಲೇ ಪತ್ರಿಕೆಗಳಲ್ಲಿ 'ದುಷ್ಕರ್ಮಿ'ಯಾಗಿ ಬಿಡುತ್ತಾನೆ. ಸಾರ್ವಜನಿಕ ಸೊತ್ತಿನ ನಾಶ ಅಪರಾಧವೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. 1984ರ ಕಾಯ್ದೆ ಅದಕ್ಕೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸುತ್ತದೆ. ಆದರೆ ಆ ಶಿಕ್ಷೆ ವಯಸ್ಕರಿಗೆ. 2015ರ ಬಾಲನ್ಯಾಯ ಕಾಯ್ದೆಯಂತೆ 18 ತುಂಬದವನನ್ನು ಲಾಕಪ್ಪಿಗೆ ತಳ್ಳುವಂತಿಲ್ಲ. 24 ಗಂಟೆಗಳೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ತಪ್ಪು ಸಾಬೀತಾದರೂ ಇಂಥ ಪ್ರಕರಣದಿಂದ ಅವನ ವಿದ್ಯಾಭ್ಯಾಸಕ್ಕಾಗಲಿ ಉದ್ಯೋಗಕ್ಕಾಗಲಿ ಅನರ್ಹತೆ ಅಂಟಬಾರದೆಂಬುದು ಅದೇ ಕಾಯ್ದೆಯ 24ನೇ ಸೆಕ್ಷನ್ನಿನ ಆಶಯ.

74ನೇ ಸೆಕ್ಷನ್ ಇನ್ನೂ ಸ್ಪಷ್ಟವಾಗಿದೆ. ಬಾಲಕನ ಹೆಸರು, ವಿಳಾಸ, ಶಾಲೆ, ಭಾವಚಿತ್ರ ಯಾವುದನ್ನೂ ಪ್ರಕಟಿಸಕೂಡದು. ಪ್ರಕಟಿಸಿದವರಿಗೆ ಆರು ತಿಂಗಳವರೆಗೆ ಸೆರೆ, ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇತ್ಯರ್ಥವಾದ ಪ್ರಕರಣದ ದಾಖಲೆಯನ್ನು ಪೊಲೀಸರು ನಡತೆ ಪ್ರಮಾಣಪತ್ರಕ್ಕಾಗಿಯೂ ಬಹಿರಂಗಪಡಿಸುವಂತಿಲ್ಲ. ಗಾಜಿನ ಬೆಲೆಯನ್ನು ಪೈಸೆ ಬಿಡದೆ ಲೆಕ್ಕ ಹಾಕುವ ಸಂಪಾದಕ ಮಹಾಶಯರು ಈ ಸೆಕ್ಷನ್ ಓದಿಲ್ಲವೇ? ಮಂಡಳಿ ಕಡತ ಮುಚ್ಚಬಹುದು, ಮೊಬೈಲಿನಿಂದ ಮೊಬೈಲಿಗೆ ಹಾರಿದ ಚಿತ್ರವನ್ನು ಅಳಿಸುವವರಾರು? (ನಮ್ಮ ಮೊಹಲ್ಲಾಗಳ ವಾಟ್ಸಾಪ್ ಗುಂಪುಗಳೂ ಈ ಪಾಪದಿಂದ ಮುಕ್ತವಲ್ಲ.)

ಹೆತ್ತವರು ಪುಢಾರಿಗಳ ಮನೆ ಬಾಗಿಲು ಕಾಯುವ ಬದಲು ಮಗನ ಜನ್ಮದಿನಾಂಕವಿರುವ ಶಾಲಾ ಪ್ರಮಾಣಪತ್ರದೊಂದಿಗೆ ಮಂಡಳಿಯ ಮುಂದೆ ಹೋಗಲಿ. ವಯಸ್ಸಿನ ಬಗ್ಗೆ ಸಂದೇಹ ಬಂದಾಗ ಕಾನೂನು ಮೊದಲು ಕೇಳುವುದು ಅದನ್ನೇ.