ಔಷಧ ಶೋಧನೆ ಯಾರ ರೋಗಕ್ಕೆ?

ನಮ್ಮ ದೇಶದಲ್ಲಿ ಹೊಸ ಔಷಧಗಳ ಸಂಶೋಧನೆ ಭರದಿಂದ ಬೆಳೆಯುತ್ತಿದೆಯೆಂದು ಮಂತ್ರಿಗಳೂ ಉದ್ಯಮಪತಿಗಳೂ ವೇದಿಕೆಯಿಂದ ವೇದಿಕೆಗೆ ಸಾರುತ್ತಿದ್ದಾರೆ. ಬೆಳೆದಿರುವುದು ಸುಳ್ಳಲ್ಲ. ಬೆಂಗಳೂರು, ಹೈದರಾಬಾದುಗಳ ಪ್ರಯೋಗಾಲಯಗಳಲ್ಲಿ ಸಾವಿರಾರು ತರುಣ ವಿಜ್ಞಾನಿಗಳು ದುಡಿಯುತ್ತಿದ್ದಾರೆ. ಆದರೆ ಅಲ್ಲಿ ನಡೆಯುತ್ತಿರುವ ಕೆಲಸದಲ್ಲಿ ಗುತ್ತಿಗೆಯದೇ ದೊಡ್ಡ ಪಾಲು. ವಿದೇಶದ ಕಂಪನಿ ಹೇಳಿದ ರಾಸಾಯನಿಕವನ್ನು ತಯಾರಿಸಿ, ಪರೀಕ್ಷಿಸಿ ಕಳಿಸಿದರೆ ಕೂಲಿ ಬರುತ್ತದೆ, ಪೇಟೆಂಟು ಅವರದು. ಗಿರಣಿಯಲ್ಲಿ ಬಟ್ಟೆ ನೇಯ್ದವನಿಗೆ ಆ ಬಟ್ಟೆಯ ಮೇಲೆ ಎಷ್ಟು ಹಕ್ಕುಂಟೋ ಈ ವಿಜ್ಞಾನಿಗೂ ಅಷ್ಟೇ. ಸಂಬಳ ಹೆಚ್ಚೆಂಬುದೊಂದೇ ವ್ಯತ್ಯಾಸ.

ಮೊದಲು ಹಾದಿ ಬೇರೆಯಿತ್ತು. 1951ರಲ್ಲಿ ಲಖನೌದ ಹಳೆಯ ನವಾಬರ ಛತ್ತರ್ ಮಂಜಿಲಿನಲ್ಲಿ ಕೇಂದ್ರ ಔಷಧ ಸಂಶೋಧನಾಲಯ ತೆರೆಯಿತು. 1954ರಲ್ಲಿ ಪಿಂಪ್ರಿಯ ಸರ್ಕಾರಿ ಪೆನಿಸಿಲಿನ್ ಸಂಸ್ಥೆ ಹುಟ್ಟಿತು. 1970ರ ಪೇಟೆಂಟ್ ಕಾಯಿದೆ ಔಷಧದ ಮೇಲೆ ಏಕಸ್ವಾಮ್ಯವನ್ನು ನಿರಾಕರಿಸಿ, ತಯಾರಿಸುವ ವಿಧಾನಕ್ಕೆ ಮಾತ್ರ ಹಕ್ಕು ಕೊಟ್ಟಿತು. ಅದೇ ಮದ್ದನ್ನು ಬೇರೆ ವಿಧಾನದಿಂದ ತಯಾರಿಸುವವರು ಹುಟ್ಟಿಕೊಂಡರು, ಬೆಲೆ ಇಳಿಯಿತು. ಲಖನೌದವರು ಕಂಡುಹಿಡಿದ ಗರ್ಭನಿರೋಧಕ ಗುಳಿಗೆ 'ಸಹೇಲಿ' 1991ರಲ್ಲಿ ಹೆಂಗಸರ ಕೈಸೇರಿತು. ಸರ್ಕಾರಿ ಪ್ರಯೋಗಾಲಯದಿಂದ ಏನಾದೀತು ಎಂದು ಮೂಗು ಮುರಿಯುವವರು ಇದನ್ನು ನೆನೆಯುವುದಿಲ್ಲ.

ವಿಶ್ವ ವ್ಯಾಪಾರ ಸಂಸ್ಥೆಯ ಕರಾರಿಗೆ ಕಟ್ಟುಬಿದ್ದು 2005ರಲ್ಲಿ ಆ ಕಾಯಿದೆಯನ್ನು ಬದಲಿಸಲಾಯಿತು. ಔಷಧಕ್ಕೇ ಪೇಟೆಂಟು ಕೊಟ್ಟರೆ ಬಂಡವಾಳ ಹರಿದುಬರುತ್ತದೆ, ಬಡವರ ರೋಗಕ್ಕೂ ಮದ್ದು ಹುಟ್ಟುತ್ತದೆ ಎಂದು ಆಗ ನಮಗೆ ಹೇಳಿದ್ದರು.

ಏನಾಯಿತೆಂಬುದಕ್ಕೆ ಕ್ಷಯರೋಗವನ್ನೇ ನೋಡೋಣ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ವರಲ್ಲೊಬ್ಬ ಭಾರತೀಯ. ಇಕ್ಕಟ್ಟಾದ ವಠಾರದಲ್ಲಿ, ಅರೆಹೊಟ್ಟೆಯಲ್ಲಿ ಬಾಳುವವರನ್ನು ಹುಡುಕಿಕೊಂಡು ಬರುವ ರೋಗವಿದು. ಅಸ್ಟ್ರಾಜೆನೆಕಾ ಎಂಬ ಭಾರಿ ಕಂಪನಿ ಬೆಂಗಳೂರಿನಲ್ಲಿ ಕ್ಷಯ, ಮಲೇರಿಯಾಗಳಿಗೆ ಮದ್ದು ಹುಡುಕುವ ಸಂಶೋಧನಾಲಯವನ್ನು ನಡೆಸುತ್ತಿತ್ತು. ಒಳ್ಳೆಯ ಕೆಲಸವೇ ನಡೆದಿತ್ತು. 2014ರಲ್ಲಿ ಅದನ್ನು ಮುಚ್ಚುವುದಾಗಿ ಪ್ರಕಟಿಸಿತು. ಕ್ಯಾನ್ಸರ್, ಹೃದ್ರೋಗ, ಮಧುಮೇಹಗಳಂಥ ಕ್ಷೇತ್ರಗಳ ಕಡೆಗೆ ಅದರ ಲಕ್ಷ್ಯ. ವಿಜ್ಞಾನಿಗಳು ಬೀದಿಗೆ ಬಂದರು. ರೋಗ ಮಾತ್ರ ಇದ್ದಲ್ಲಿಯೇ ಇದೆ.

ಗಿರಾಕಿಯ ಕೈಯಲ್ಲಿ ಕಾಸಿಲ್ಲದ ಮೇಲೆ ಸರಕು ತರಿಸುವವರು ಯಾರು ಎಂದು ನಮ್ಮ ಅಂಗಡಿಯ ಬಂಧುಗಳು ಕೇಳಿಯಾರು. ನ್ಯಾಯವಾದ ಪ್ರಶ್ನೆ. ಆದಕಾರಣವೇ ಈ ಕೆಲಸ ವ್ಯಾಪಾರಿಯದಲ್ಲ, ಸರ್ಕಾರದ್ದು ಎಂದು ನಾವು ಹೇಳುತ್ತಿರುವುದು.

ಮದ್ದು ಹುಟ್ಟಿದರೂ ಸಾಲದು. ಮೂತ್ರಪಿಂಡ, ಯಕೃತ್ತುಗಳ ಕ್ಯಾನ್ಸರಿಗೆ ಕೊಡುವ ಸೊರಾಫೆನಿಬ್ ಗುಳಿಗೆಗೆ ಬೇಯರ್ ಕಂಪನಿ ತಿಂಗಳಿಗೆ ಸುಮಾರು 2,80,000 ರೂಪಾಯಿ ಹೇಳುತ್ತಿತ್ತು. 2012ರಲ್ಲಿ ಕಡ್ಡಾಯ ಪರವಾನಗಿ ಪಡೆದ ಹೈದರಾಬಾದಿನ ನ್ಯಾಟ್ಕೋ ಅದನ್ನು ಸುಮಾರು 8,800ಕ್ಕೆ ಕೊಡಬೇಕೆಂದು ಆಜ್ಞೆಯಾಯಿತು. ನಡುವಿನ ಅಂತರವನ್ನು ಓದುಗರೇ ಲೆಕ್ಕಹಾಕಲಿ. ಗಿರಣಿಯವನಿಗೆ ಇ.ಎಸ್.ಐ. ಆಸ್ಪತ್ರೆಯಾದರೂ ಉಂಟು, ಕಿರಾಣಿ ಅಂಗಡಿಯವನು ಮನೆಯಲ್ಲೊಬ್ಬರು ಮಲಗಿದರೆ ಅಂಗಡಿಯನ್ನೇ ಅಡವಿಡಬೇಕು.

ಒಂದು ಮಾತನ್ನು ಇಲ್ಲಿ ಸೇರಿಸುತ್ತೇವೆ. ಅರಳೆಯ ಧೂಳು ಕುಡಿದು ಎದೆ ಕಟ್ಟಿಕೊಳ್ಳುವ ಗಿರಣಿ ಕಾರ್ಮಿಕನಿಗೆ ಹೊಸ ಔಷಧದ ಶೋಧಕ್ಕಿಂತ ಮೊದಲು ಬೇಕಾದುದು ಧೂಳನ್ನು ಎಳೆದುಹಾಕುವ ಯಂತ್ರ. ಅದರ ಶೋಧನೆ ಎಂದೋ ಆಗಿದೆ, ಮಾಲೀಕರು ಕೊಳ್ಳಬೇಕಷ್ಟೆ.

2023ರಲ್ಲಿ ಕೇಂದ್ರ ಸರ್ಕಾರ ಔಷಧ ಮತ್ತು ವೈದ್ಯಕೀಯ ಸಲಕರಣೆಗಳ ಸಂಶೋಧನೆಗೆ 5,000 ಕೋಟಿ ರೂಪಾಯಿಗಳ ಯೋಜನೆಯನ್ನು ಪ್ರಕಟಿಸಿತು. ಹಣ ಜನರದು. ಆ ಹಣ ಪಡೆದ ಕಂಪನಿಯ ಮದ್ದಿಗೆ ಬೆಲೆಯ ಮಿತಿಯನ್ನು ಮೊದಲೇ ಗೊತ್ತುಮಾಡಬೇಕು, ಪೇಟೆಂಟಿನಲ್ಲಿ ಸರ್ಕಾರಕ್ಕೆ ಪಾಲಿರಬೇಕು, ಕ್ಷಯ ಮಲೇರಿಯಾಗಳಿಗೆ ಇಂತಿಷ್ಟೆಂದು ಮೀಸಲಿಡಬೇಕು. ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಮುಂದಿನ ಸಭೆಯಲ್ಲಿಯೇ ಈ ಮೂರು ಬೇಡಿಕೆಗಳ ಠರಾವು ಮಾಡಿ ನಮ್ಮ ಜಿಲ್ಲೆಯ ಲೋಕಸಭಾ ಸದಸ್ಯರಿಗೆ ಕಳಿಸಲಿ. ಪ್ರತಿಯೊಂದನ್ನು ನಮಗೆ ತಲಪಿಸಿದರೆ ಈ ಪುಟದಲ್ಲಿ ಅಚ್ಚುಮಾಡುತ್ತೇವೆ.